ಸೂರ್ಯನ ಕಲೆಗಳೂ ಭೂಮಿಯ ಬಿಸಿಯೂ

ಕೇಳುಗರೆಲ್ಲರಿಗೂ ನಮಸ್ಕಾರ. ನಾನು ಸೂರ್ಯನನ್ನು ಅಭ್ಯಾಸ ಮಾಡುವವನೆಂದು ತಿಳಿದ ಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ: "ಸೂರ್ಯನೇ ಹೆಚ್ಚು ಕಾಯುತ್ತಿರುವಾಗ ಹೊಗೆಯನ್ನೇಕೆ ದೂರುತ್ತೀರಿ?" ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಸೂರ್ಯ ಹೆಚ್ಚು ಕಾಯುತ್ತಿಲ್ಲ.

ಇದು ಹಳೆಯ ಅನುಮಾನ. ನಮ್ಮ ಹಿರಿಯರು ಧಾತು ಈಶ್ವರ ಬರವೆಂದು ನೆನೆಯುತ್ತಿದ್ದ 1876-78ರ ಕ್ಷಾಮವು ಮೈಸೂರು ಸಂಸ್ಥಾನವನ್ನೂ ಮದರಾಸು ಪ್ರಾಂತವನ್ನೂ ಬರಿದು ಮಾಡಿದಾಗ ಸೂರ್ಯನ ಮೇಲೆ ಕಪ್ಪು ಕಲೆಗಳು ತೀರ ಕಡಿಮೆಯಿದ್ದವು. ಈ ಕಲೆಗಳು ಸುಮಾರು 11 ವರ್ಷಕ್ಕೊಮ್ಮೆ ಹೆಚ್ಚಿ ತಗ್ಗುತ್ತವೆಂಬುದು ಆಗಲೇ ಗೊತ್ತಿದ್ದುದರಿಂದ, ಕಲೆ ತಗ್ಗಿದಾಗ ಮಳೆಯೂ ತಗ್ಗುತ್ತದೆಯೇ ಎಂಬ ಪ್ರಶ್ನೆ ಸರ್ಕಾರದವರನ್ನೂ ಕಾಡಿತು. ಮುಂಗಾರಿನ ಗುಟ್ಟು ಸೂರ್ಯನಲ್ಲಿ ಸಿಕ್ಕೀತೆಂಬ ಆಸೆಯೂ ಸೇರಿ, ಲಾರ್ಡ್ ಕೆಲ್ವಿನ್ ಅಧ್ಯಕ್ಷತೆಯ ಸಮಿತಿ 1893ರಲ್ಲಿ ತೀರ್ಮಾನಿಸಿದಂತೆ, 1899ರಲ್ಲಿ ಕೊಡೈಕೆನಾಲ್ ಬೆಟ್ಟದ ಮೇಲೆ ಸೌರ ವೀಕ್ಷಣಾಲಯ ಸ್ಥಾಪನೆಯಾಯಿತು. ಮೋಡವಿಲ್ಲದ ದಿನಗಳಲ್ಲೆಲ್ಲ ಅಲ್ಲಿ ಸೂರ್ಯನ ಚಿತ್ರ ತೆಗೆಯುವ ಕೆಲಸ 1904ರಿಂದ ನಡೆದುಬಂದಿದೆ. ಆ ಹಳೆಯ ಗಾಜಿನ ಫಲಕವೊಂದನ್ನು ಬೆಳಕಿಗೆ ಹಿಡಿದರೆ ಎಂಟು ಅಂಗುಲದ ಸೂರ್ಯ ಕಪ್ಪಗೂ ಕಲೆಗಳು ಬೆಳ್ಳಗೂ ಕಾಣುತ್ತವೆ, ನೆಗೆಟಿವ್ ಅಲ್ಲವೇ! ಮಳೆಯ ಗುಟ್ಟು ಮಾತ್ರ ಸಿಗಲಿಲ್ಲ. ಬದಲಿಗೆ ಕಲೆಗಳಿಂದ ಹೊರಕ್ಕೆ ಹರಿಯುವ ಅನಿಲವನ್ನು ಜಾನ್ ಎವರ್ಶೆಡ್ 1909ರಲ್ಲಿ ಅಲ್ಲಿಯೇ ಕಂಡುಹಿಡಿದರು. ಇಂದು ಈ ಸಂಗ್ರಹವನ್ನು ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಕಾಪಾಡುತ್ತಿದೆ. ಇದರ ಬಗ್ಗೆ ಎಷ್ಟು ಹೇಳಿದರೂ ನನಗೆ ಸಾಲದು, ಆದರೆ ಸಮಯ ಓಡುತ್ತಿದೆ.

ಕಲೆಗಳು ಹೆಚ್ಚಿದಾಗ ಅವುಗಳ ಸುತ್ತಲಿನ ಪ್ರಕಾಶಮಾನ ಪ್ರದೇಶಗಳೂ ಹೆಚ್ಚುವುದರಿಂದ, ಒಟ್ಟಿನಲ್ಲಿ ಸೂರ್ಯನ ಬೆಳಕು ಸ್ವಲ್ಪ ಹೆಚ್ಚಾಗುತ್ತದೆ. ಎಷ್ಟು? ನೂರಕ್ಕೆ 0.1ರಷ್ಟು. 1645ರಿಂದ 1715ರವರೆಗೆ ಕಲೆಗಳು ಬಹುಮಟ್ಟಿಗೆ ಮಾಯವಾಗಿದ್ದವು. ಆಗ ಯೂರೋಪಿನಲ್ಲಿ ಚಳಿ ಜೋರಾಗಿತ್ತು, ಅದರಲ್ಲಿ ಸೂರ್ಯನ ಪಾಲೂ ಇತ್ತು, ಜ್ವಾಲಾಮುಖಿಗಳ ಪಾಲೂ ಇತ್ತು. ಅಂದರೆ ಸೂರ್ಯನ ಏರಿಳಿತ ಸುಳ್ಳಲ್ಲ, ಆದರೆ ಬಹಳ ಚಿಕ್ಕದು.

1978ರಿಂದ ಉಪಗ್ರಹಗಳು ಸೂರ್ಯನ ಶಕ್ತಿಯನ್ನು ನೇರವಾಗಿ ಅಳೆಯುತ್ತಿವೆ. ಈ ಅವಧಿಯಲ್ಲಿ ಅದು ಏರುತ್ತ ಹೋಗಿಲ್ಲ. 2014ರ ಸುಮಾರಿಗೆ ತುದಿ ಮುಟ್ಟಿದ ಸೌರಚಕ್ರವಂತೂ ಬಹಳ ದುರ್ಬಲವಾಗಿತ್ತು. ಭೂಮಿ ಮಾತ್ರ ಕಾಯುತ್ತಲೇ ಇದೆ. ಇನ್ನೂ ನಂಬದವರಿಗೆ ಕೊನೆಯ ಸಾಕ್ಷಿ: ಸೂರ್ಯನೇ ಕಾರಣನಾಗಿದ್ದರೆ ವಾಯುಮಂಡಲದ ಮೇಲಿನ ಪದರವೂ ಕಾಯಬೇಕಿತ್ತು. ಆದರೆ ಕೆಳಗಿನ ಪದರ ಬಿಸಿಯಾಗುತ್ತಿದ್ದರೆ ಮೇಲಿನ ಸ್ತರಗೋಳ ತಣ್ಣಗಾಗುತ್ತಿದೆ, ಇಂಗಾಲದ ಡೈಆಕ್ಸೈಡ್ ಹೆಚ್ಚಿದಾಗ ಆಗುವುದೂ ಹೀಗೆಯೇ. ನಮಸ್ಕಾರ.