ಹೊರಗ ಹಸರು, ಒಳಗ ಬೆಳ್ಳಿ

ಈ ಸದ್ದು ಕೇಳಿಸಿತಾ? ಇನ್ನೊಮ್ಮೆ ಮೈಕ್ ಹತ್ತಿರ ಹಿಡಿಯುತ್ತೇನೆ. ಚರಚರ ಅನ್ನುತ್ತದೆ ನೋಡಿ. ಇದು ಪಾತ್ರೆ ತೊಳೆಯುವ ಲಿಕ್ವಿಡ್‌ನ ರೀಫಿಲ್ ಪಾಕೀಟು. ಇಂಥವು ನಮ್ಮ ಅಡುಗೆಮನೆಯ ಕೆಳಗಿನ ಕಪಾಟಿನಲ್ಲಿ ಹನ್ನೊಂದು ಇವೆ. ತೊಳೆದು, ಬೋರಲು ಹಾಕಿ ಒಣಗಿಸಿ, ಮಡಚಿ ಇಟ್ಟಿದ್ದೇನೆ. ಯಾಕೆ ಕೂಡಿಡ್ತೀಯಾ ಅಂತ ಮನೆಯವರೆಲ್ಲ ಕೇಳಿ ಆಯಿತು. ಇವತ್ತು ನಿಮ್ಮ ಮುಂದೆ ಹೇಳಿಬಿಡೋಣ ಅಂತ ಕೂತೆ.

ನಮಸ್ಕಾರ. ಬಾಗಲಕೋಟೆಯ ನವನಗರದಿಂದ ಮಾತಾಡುತ್ತಿದ್ದೇನೆ. ನಡುವೆ ಕಸದ ಗಾಡಿಯ ಹಾಡು ಕೇಳಿಸಿದರೆ ಸುಮ್ನೆ ಬಿಟ್ಟುಬಿಡಿ, ಅದು ಬರುವ ಹೊತ್ತು ಇದು.

ಪಾಕೀಟಿನ ತುಂಬ ಹಸಿರು. ಒಂದು ಎಲೆ, ಒಂದು ನೀರಿನ ಹನಿ, ಅಂಟುವಾಳ ಕಾಯಿಯ ಗೊಂಚಲು. ದೊಡ್ಡಕ್ಷರದಲ್ಲಿ 'ಪರಿಸರ ಸ್ನೇಹಿ'. ಒಳಗಿನ ಮಾಲಿನ ಬಗ್ಗೆ ನನ್ನ ತಕರಾರಿಲ್ಲ. ನೊರೆ ಕಮ್ಮಿ, ಆದರೆ ಜಿಡ್ಡು ಹೋಗುತ್ತದೆ. ಕೈ ಒಡೆಯುವುದು ನಿಂತಿದೆ. ಪಾತ್ರೆ ತೊಳೆದ ನೀರನ್ನು ನಿಂಬೆ ಗಿಡಕ್ಕೆ ಹಾಕುತ್ತೇನೆ, ಗಿಡ ಚೆನ್ನಾಗಿಯೇ ಇದೆ. ಮಾಮೂಲಿ ಸೋಪಿಗಿಂತ ಜಾಸ್ತಿ ದುಡ್ಡು ಕೊಟ್ಟು ತರುತ್ತೇನೆ, ಖುಷಿಯಿಂದಲೇ.

ತಕರಾರು ಶುರುವಾಗಿದ್ದು ಮೋಡಕಾದವರ ತಳ್ಳುಗಾಡಿ ಮುಂದೆ. ಗುಜರಿ ಅಂತೀರಲ್ಲ, ಅದಕ್ಕೆ ನಮ್ಮ ಕಡೆ ಮೋಡಕಾ. ಅವತ್ತು ಶಾಂಪೂ ಬಾಟಲಿ ತಗೊಂಡರು. ಹಳೆ ನೋಟ್‌ಬುಕ್ ತಗೊಂಡರು. ಹಾಲಿನ ಪಾಕೀಟುಗಳನ್ನು ತೊಳೆದು ಕಟ್ಟಿಟ್ಟಿದ್ದೆ, ಅದನ್ನೂ ತೂಗಿದರು. ಈ ಹಸಿರು ಪಾಕೀಟು ಬಂದಾಗ ಮಾತ್ರ ಅಂಗೈಲಿ ಮುದುಡಿದರು, ಬಾಯಿ ಅಗಲಿಸಿ ಒಳಗೆ ಇಣುಕಿದರು, ವಾಪಸ್ ಕೊಟ್ಟರು.

"ಇದು ನಡಿಯಂಗಿಲ್ರಿ ಅಕ್ಕಾರ."

"ಯಾಕ್ರಿ? ಇದೂ ಪ್ಲಾಸ್ಟಿಕ್ ಅಲ್ಲೇನು?"

"ಒಳಗ ಬೆಳ್ಳಿ ಐತಿ ನೋಡ್ರಿ. ಹೊರಗ ಹಸರು, ಒಳಗ ಬೆಳ್ಳಿ. ಇದನ್ನ ಯಾರೂ ತಗೊಳ್ಳಂಗಿಲ್ಲ."

ಆ ಬೆಳ್ಳಿ ಏನು ಅಂತ ಆಮೇಲೆ ಓದಿಕೊಂಡೆ. ಇಂಥ ಪಾಕೀಟು ನೋಡಲು ಒಂದೇ ಹಾಳೆ, ಆದರೆ ಮೂರ್ನಾಲ್ಕು ಪದರ ಅಂಟಿಸಿ ಮಾಡಿರುತ್ತಾರೆ. ಸಾಮಾನ್ಯವಾಗಿ ಹೊರಗೆ ಪಾಲಿಯೆಸ್ಟರ್, ಅದರ ಮೇಲೆ ಬಣ್ಣ ಚೆನ್ನಾಗಿ ಅಚ್ಚಾಗುತ್ತದೆ. ನಡುವೆ ಅಲ್ಯೂಮಿನಿಯಂ, ವಾಸನೆ ಮತ್ತು ಬೆಳಕು ತಡೆಯಲು. ಒಳಗೆ ಪಾಲಿಥಿನ್, ಬಿಸಿ ಒತ್ತಿದರೆ ಬಾಯಿ ಮುಚ್ಚಿಕೊಳ್ಳಲಿ ಅಂತ. ಪಾಲಿಥಿನ್ ಸುಮಾರು 110ರಿಂದ 130 ಡಿಗ್ರಿಗೆ ಕರಗುತ್ತದೆ, ಪಾಲಿಯೆಸ್ಟರ್‌ಗೆ 250 ದಾಟಬೇಕು. ಕರಗಿಸಿದರೂ ಒಂದಕ್ಕೊಂದು ಬೆರೆಯುವುದಿಲ್ಲ. ಬಿಡಿಸೋಣ ಅಂದರೆ ಅದರ ಖರ್ಚು ಮಾಲಿಗಿಂತ ಜಾಸ್ತಿ. ಹಾಲಿನ ಪಾಕೀಟಿನಲ್ಲೂ ಪದರ ಇರುತ್ತವೆ. ಆದರೆ ಅಲ್ಲಿ ಎಲ್ಲವೂ ಪಾಲಿಥಿನ್, ಒಂದೇ ಜಾತಿ. ಅದಕ್ಕೇ ತಕ್ಕಡಿಗೆ ಹತ್ತಿತು. 'ಹಸಿರು' ಅನ್ನುವ ಒಂದಕ್ಷರವೂ ಇಲ್ಲದ ಹಾಲಿನ ಪಾಕೀಟಿಗೆ ಎರಡನೇ ಜನ್ಮ ಇದೆ, ಎಲೆ ಬರೆಸಿಕೊಂಡ ಪಾಕೀಟಿಗೆ ಇಲ್ಲ!

ಕಾನೂನು ಇಲ್ವಾ ಅಂತ ಕೇಳಬಹುದು. ಇತ್ತು. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ, ಮರುಬಳಕೆ ಆಗದ ಬಹುಪದರ ಪ್ಲಾಸ್ಟಿಕ್ಕನ್ನು ಎರಡು ವರ್ಷದಲ್ಲಿ ನಿಲ್ಲಿಸಬೇಕು ಅಂತ ಬರೆದಿತ್ತು. ಎರಡು ವರ್ಷ ತುಂಬಿತು, 2018 ಬಂತು. ನಿಂತಿದ್ದು ಪ್ಲಾಸ್ಟಿಕ್ ಅಲ್ಲ, ಬದಲಾಗಿದ್ದು ನಿಯಮದ ಸಾಲು. ಸುಟ್ಟು ಶಾಖ ತೆಗೆಯಬಹುದಾದರೆ, ಬೇರೆ ಯಾವುದಕ್ಕಾದರೂ ಬರುವುದಾದರೆ ಇರಲಿ ಅನ್ನುವ ಹಾಗೆ ತಿದ್ದಿದರು. ಸುಟ್ಟರೆ ಉರಿಯದ ಪ್ಲಾಸ್ಟಿಕ್ ಎಲ್ಲಿದೆ ಹೇಳಿ?

ಹಾಗಾಗಿ ಇದಕ್ಕೆ ಸಿಗಬಹುದಾದ ಒಳ್ಳೆಯ ಗತಿ ಅಂದರೆ ಸಿಮೆಂಟ್ ಗೂಡು. ಸುಣ್ಣಕಲ್ಲಿನ ಜಿಲ್ಲೆಯವರು ನಾವು, ಸಿಮೆಂಟ್ ಕಾರ್ಖಾನೆ ನಮಗೆ ಹೊಸದಲ್ಲ. ಗೂಡಿನಲ್ಲಿ ಕಲ್ಲು 1,450 ಡಿಗ್ರಿ ತನಕ ಕಾಯುತ್ತದೆ. ಕಲ್ಲಿದ್ದಲಿನ ಜೊತೆ ಇಂಥ ಪ್ಲಾಸ್ಟಿಕ್ಕನ್ನೂ ಒಲೆಗೆ ಹಾಕುವ ಪದ್ಧತಿ ದೇಶದಲ್ಲಿ ಇದೆ. ಬಯಲಲ್ಲಿ ಸುಡುವುದಕ್ಕಿಂತ ಅದು ಎಷ್ಟೋ ವಾಸಿ, ಒಪ್ಪುತ್ತೇನೆ. ಆದರೆ ನಾನು ಜಾಸ್ತಿ ದುಡ್ಡು ಕೊಟ್ಟಿದ್ದು ಒಲೆಗೆ ಪುಳ್ಳೆ ಒಟ್ಟುವುದಕ್ಕಲ್ಲ.

ಕಂಪನಿಗೆ ಬರೆದೆ. ಹೆಸರು ಬೇಡ, ಇವರೊಬ್ಬರೇ ಅಲ್ಲ. ಉತ್ತರ ಬಂತು, ಅದೂ ಬಲು ಮರ್ಯಾದೆಯಿಂದ. ಲೀಟರ್ ಬಾಟಲಿಗಿಂತ ಪಾಕೀಟಿಗೆ ಬಹಳ ಕಮ್ಮಿ ಪ್ಲಾಸ್ಟಿಕ್ ಸಾಕು, ಲಾರಿಯಲ್ಲಿ ಜಾಗವೂ ಉಳಿಯುತ್ತದೆ ಅಂದರು. ಅದು ಸುಳ್ಳಲ್ಲ. ಆದರೆ ದಪ್ಪ ಬಾಟಲಿಯನ್ನು ಮೋಡಕಾದವರು ಕೇಳಿ ಒಯ್ಯುತ್ತಾರೆ, ತೆಳ್ಳನೆ ಪಾಕೀಟು ಕೊನೆಗೆ ಗಟಾರಕ್ಕೆ ಹೋಗುತ್ತದೆ. ಪತ್ರದ ಕೊನೆಗೆ ಖಾಲಿ ಪಾಕೀಟು ವಾಪಸ್ ಪಡೆಯುವ ಯೋಜನೆ ಇದೆ, ಪಿನ್‌ಕೋಡ್ ಹಾಕಿ ನೋಡಿ ಅಂತಿತ್ತು. ಹಾಕಿದೆ. ನಿಮ್ಮ ಊರಿನಲ್ಲಿ ಸದ್ಯ ಈ ಸೇವೆ ಇಲ್ಲ. ತುಂಬಿದ ಪಾಕೀಟು ಅದೇ ಪಿನ್‌ಕೋಡಿಗೆ ಮೂರು ದಿನದಲ್ಲಿ ಬಾಗಿಲಿಗೆ ಬರುತ್ತದೆ ಮಾರಾಯ್ರೇ, ಖಾಲಿಯಾದದ್ದಕ್ಕೆ ಮಾತ್ರ ದಾರಿ ಇಲ್ಲ.

ನಡುವೆ ಇನ್ನೊಂದು. ಮಣ್ಣಲ್ಲಿ ಕರಗುವ ಕಸದ ಚೀಲ ಅಂತ ತಂದಿದ್ದೆ. ಕರಿಬೇವಿನ ಕುಂಡದಲ್ಲಿ ಹೂತೆ. ಐದು ತಿಂಗಳಾದ ಮೇಲೆ ಕೆದರಿದರೆ ಮೇಲಿನ ಅಕ್ಷರ ಓದಲು ಬರುತ್ತಿತ್ತು. ಅಂಥ ಎಷ್ಟೋ ಚೀಲಗಳಿಗೆ ದೊಡ್ಡ ಗೊಬ್ಬರ ಘಟಕದ ಶಾಖ ಬೇಕಂತೆ, ಸುಮಾರು 58 ಡಿಗ್ರಿ, ಅದೂ ವಾರಗಟ್ಟಲೆ. ನಮ್ಮ ಬಾಗಲಕೋಟೆಯ ಮೇ ತಿಂಗಳ ಬಿಸಿಲೂ ಸಾಲದ ವಸ್ತು ಇದೆ ಅಂತ ಅವತ್ತೇ ಗೊತ್ತಾಗಿದ್ದು.

ಅವ್ವನಿಗೆ ಇದನ್ನೆಲ್ಲ ಹೇಳಿದರೆ, "ಬೂದಿಗೆ ಪಾಕೀಟ ಎಲ್ಲಿತ್ತವಾ?" ಅಂದಳು. ಸರಿ, ಆದರೆ ಈಗ ಗ್ಯಾಸ್ ಒಲೆ, ಬೂದಿ ಎಲ್ಲಿಂದ ತರಲಿ? ಹಿಂದಿನ ಕಾಲಕ್ಕೆ ಹೋಗೋಣ ಅಂತ ನಾನು ಹೇಳುತ್ತಿಲ್ಲ. ಇವತ್ತಿಗೂ ಜೋಳ ಬೀಸಲು ಡಬ್ಬಿ ಹೊತ್ತೇ ಗಿರಣಿಗೆ ಹೋಗುತ್ತೇವೆ. ಕುಸುಬಿ ಎಣ್ಣೆಗೆ ಸ್ಟೀಲ್ ಕ್ಯಾನ್ ಹಿಡಿದು ಗಾಣಕ್ಕೆ ಹೋಗುತ್ತೇವೆ. ಗಾಣದವರು ಮೊದಲು ಖಾಲಿ ಕ್ಯಾನ್ ತೂಗಿ, ಆಮೇಲೆ ತುಂಬಿ ತೂಗುತ್ತಾರೆ. ನನಗೆ ರೀಫಿಲ್ ಅಂದರೆ ಇದು. ಹೊಸ ಪಾಕೀಟು ಕತ್ತರಿಸಿ ಹಳೆ ಬಾಟಲಿಗೆ ಸುರಿಯುವುದಕ್ಕೂ ಅದೇ ಹೆಸರು ಇಟ್ಟಿದ್ದಾರಲ್ಲ, ಅದು ನನಗೆ ಸೇರುವುದಿಲ್ಲ. ಕಿರಾಣಿ ಅಂಗಡಿಯಲ್ಲಿ ಒಂದು ದೊಡ್ಡ ಕ್ಯಾನ್, ಅದಕ್ಕೊಂದು ನಲ್ಲಿ ಇಟ್ಟರೆ ಆಗದ್ದೇನಲ್ಲ. ಅಷ್ಟೂ ಆಗದಿದ್ದರೆ ಹಾಲಿನವರ ಹಾಗೆ ಒಂದೇ ಜಾತಿಯ ಪ್ಲಾಸ್ಟಿಕ್ಕಿನಲ್ಲಿ ಪಾಕೀಟು ಮಾಡಲಿ.

2024ರ ಅಕ್ಟೋಬರ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಇಂಥ ಹಸಿರು ಮಾತುಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿದೆ. ಪರಿಸರ ಸ್ನೇಹಿ ಅನ್ನುವುದಾದರೆ ಯಾವುದು ಅಂತ ಬಿಡಿಸಿ ಹೇಳಬೇಕು: ಒಳಗಿನ ಮಾಲೋ, ಮೇಲಿನ ಪ್ಯಾಕಿಂಗೋ? ನನ್ನ ಕೈಯಲ್ಲಿರುವ ಪಾಕೀಟನ್ನು ನಾಲ್ಕೂ ಮಗ್ಗುಲಿಗೆ ತಿರುಗಿಸಿ ನೋಡಿದೆ. ಎಲೆ ಹೆಬ್ಬೆರಳಿನಷ್ಟಿದೆ. ಮೂಲೆಯಲ್ಲಿ ಒಂದು ತ್ರಿಕೋನ, ಅದರೊಳಗೆ 7. ಆ ಅಂಕಿ ಪ್ಲಾಸ್ಟಿಕ್ಕಿನ ಜಾತಿ ಹೇಳುತ್ತದೆ, 7 ಅಂದರೆ 'ಇತರೆ'. ಅದನ್ನು ಓದಲು ಅವ್ವನ ಚಾಳೀಸು ಬೇಕಾಯಿತು. ಅಂಗಡಿಯಲ್ಲಿ ಒಳಗಿನ ಬೆಳ್ಳಿ ಕಾಣುವುದಿಲ್ಲ, ಹಾಗಾಗಿ ನೀವೂ ಆ ತ್ರಿಕೋನ ಹುಡುಕಿ. ಒಳಗೆ 2, 4, 5 ಇದ್ದರೆ ತಳ್ಳುಗಾಡಿಯವರನ್ನು ಕೇಳಿ ನೋಡಬಹುದು.

ಹಾಡು ಕೇಳಿಸ್ತಿದೆ ಅಲ್ವಾ? ಗಾಡಿ ಬಂತು. ಹಸಿ ಕಸ ಕೊಟ್ಟು ಬರುತ್ತೇನೆ. ಈ ಹನ್ನೊಂದು ಸದ್ಯಕ್ಕೆ ಮತ್ತೆ ಕಪಾಟಿಗೆ.