ನೌ ಅಂದರೆ ಈಗ. ಆದರೆ ಯಾವ ಈಗ?

ನಮಸ್ಕಾರ. ಇವತ್ತು ಒಂದೇ ಒಂದು ಇಂಗ್ಲಿಷ್ ಪದ ಹಿಡಿದುಕೊಂಡು ಮಾತಾಡುತ್ತೇನೆ. ನೌ. ಎರಡನೇ ಕ್ಲಾಸಿನ ಮಗುವಿಗೂ ಗೊತ್ತಿರುವ ಪದ. ನೌ ಅಂದರೆ ಈಗ, ಅಲ್ಲಿಗೆ ಪಾಠ ಮುಗಿಯಿತು. ಹೈಸ್ಕೂಲಿಗೆ ಬಂದರೆ ಇನ್ನೊಂದು ಸೂತ್ರ ಸೇರುತ್ತದೆ. ರಿಪೋರ್ಟೆಡ್ ಸ್ಪೀಚ್‌ನಲ್ಲಿ, ಅಂದರೆ ಒಬ್ಬರ ಮಾತನ್ನು ನಮ್ಮ ಮಾತಿನಲ್ಲಿ ಹೇಳುವಾಗ, ನೌ ಬಂದರೆ ದೆನ್ (ಆಗ) ಮಾಡಿ. ಮಕ್ಕಳು ಬಾಯಿಪಾಠ ಮಾಡಿ ಮಾರ್ಕ್ಸ್ ತೆಗೆಯುತ್ತಾರೆ.

ನನ್ನ ತಕರಾರು ಇದೇ. ಗಡಿಯಾರದ ಹೊತ್ತು ಹೇಳುವುದು ಈ ಪದದ ಕೆಲಸದಲ್ಲಿ ಒಂದು ಪಾಲು ಮಾತ್ರ. ಉಳಿದದ್ದನ್ನು ನಾವು ಕಲಿಸುತ್ತಲೇ ಇಲ್ಲ.

ಕಥೆ ಹೇಳುವವರು "ನೌ, ದಿಸ್ ಕಿಂಗ್ ಹ್ಯಾಡ್ ತ್ರೀ ಸನ್ಸ್" ಅನ್ನುತ್ತಾರೆ. ರಾಜ ಸತ್ತು ನೂರಾರು ವರ್ಷ ಆಗಿರಬಹುದು. ಅಲ್ಲಿ ಈಗ ಎಲ್ಲಿಂದ ಬಂತು? ಆ ನೌ ಕೇಳುವವರ ಗಮನ ಎಳೆಯುತ್ತದೆ ಅಷ್ಟೇ. ನಾವು "ಈಗ ನೋಡಿ" ಅಂತ ಮಾತು ಶುರು ಮಾಡುತ್ತೇವಲ್ವಾ, ಅದೇ ಕೆಲಸ. ಅದನ್ನು ದೆನ್ ಮಾಡಿದರೆ ಅರ್ಥವೇ ಕೆಡುತ್ತದೆ. ಅಳುವ ಮಗುವಿಗೆ "ನೌ, ನೌ" ಅಂದರೆ "ಸಾಕು, ಸುಮ್ಮನಾಗು" ಅಂತ. ಇಂಗ್ಲೆಂಡಿನ ಯಾರ್ಕ್‌ಶೈರ್ ಕಡೆ ಇಬ್ಬರು ಎದುರು ಸಿಕ್ಕಾಗ "ನೌ ದೆನ್" ಅನ್ನುತ್ತಾರೆ. ಈಗ, ಆಗ ಎರಡೂ ಒಟ್ಟಿಗೆ ಸೇರಿ "ಏನಪ್ಪಾ, ಚೆನ್ನಾಗಿದ್ದೀಯಾ" ಅನ್ನುವ ಹಾಗಾಯಿತು!

ಇದೆಲ್ಲ ಸುಮ್ನೆ ವ್ಯಾಕರಣದ ಹರಟೆ ಅನ್ನಿಸಿದರೆ, ಒಂದು ಘಟನೆ ಹೇಳುತ್ತೇನೆ.

1977ರ ಮಾರ್ಚ್ 27. ಸ್ಪೇನ್‌ಗೆ ಸೇರಿದ ಟೆನೆರಿಫ್ ದ್ವೀಪ. ಪಕ್ಕದ ದ್ವೀಪದ ವಿಮಾನ ನಿಲ್ದಾಣದಲ್ಲಿ ಬಾಂಬ್ ಸಿಡಿದಿದ್ದರಿಂದ ವಿಮಾನಗಳನ್ನೆಲ್ಲ ಈ ಚಿಕ್ಕ ನಿಲ್ದಾಣಕ್ಕೆ ಕಳಿಸಿದ್ದರು. ಮಂಜು ಕವಿದಿತ್ತು. ಒಂದೇ ರನ್‌ವೇ ಮೇಲೆ ಎರಡು ಬೋಯಿಂಗ್ 747 ಇದ್ದವು. ಒಂದು ಡಚ್ಚರ ಕೆಎಲ್ಎಂ, ಇನ್ನೊಂದು ಅಮೆರಿಕದ ಪ್ಯಾನ್ ಆಮ್. ಕೆಎಲ್ಎಂ ವಿಮಾನ ಹೊರಡಲು ಒಪ್ಪಿಗೆ ಸಿಗುವ ಮೊದಲೇ ಓಡತೊಡಗಿತ್ತು. ಅದರ ಸಹ ಪೈಲಟ್ ರೇಡಿಯೋದಲ್ಲಿ ಹೇಳಿದ್ದು, "ವಿ ಆರ್ ನೌ ಅಟ್ ಟೇಕಾಫ್". ಅದನ್ನು ಕೆಲವರು "ನೌ ಟೇಕಿಂಗ್ ಆಫ್" ಅಂತಲೂ ಕೇಳಿಸಿಕೊಂಡಿದ್ದಾರೆ. ನೌ ಅಂತ ಅಂದಿದ್ದರ ಬಗ್ಗೆ ಜಗಳ ಇಲ್ಲ.

ಕಂಟ್ರೋಲ್ ಟವರ್‌ನಲ್ಲಿದ್ದ ಸ್ಪ್ಯಾನಿಷ್ ಅಧಿಕಾರಿಗೆ ಅರ್ಥವಾಗಿದ್ದು ಬೇರೆ. ಇವರು ಟೇಕಾಫ್ ಜಾಗದಲ್ಲಿ ನಿಂತಿದ್ದಾರೆ, ಅಪ್ಪಣೆಗೆ ಕಾಯುತ್ತಿದ್ದಾರೆ ಅಂತ. "ಓಕೆ" ಅಂದರು. ಒಂದೆರಡು ಸೆಕೆಂಡ್ ಬಿಟ್ಟು "ಟೇಕಾಫ್‌ಗೆ ಕಾಯಿರಿ, ನಾನು ಕರೆಯುತ್ತೇನೆ" ಅಂದರು. ಅದೇ ಹೊತ್ತಿಗೆ ಪ್ಯಾನ್ ಆಮ್‌ನವರು "ನಾವಿನ್ನೂ ರನ್‌ವೇ ಮೇಲೇ ಇದ್ದೇವೆ" ಅಂತ ಕೂಗಿದರು. ಎರಡು ಮಾತು ಒಂದರ ಮೇಲೊಂದು ಬಿದ್ದು ಕೆಎಲ್ಎಂ ಕಾಕ್‌ಪಿಟ್‌ನಲ್ಲಿ ಬರೀ ಕಿರ್ ಅನ್ನುವ ಸದ್ದು. ಎರಡೂ ವಿಮಾನ ಡಿಕ್ಕಿ ಹೊಡೆದು 583 ಜನ ಸತ್ತರು. ವಿಮಾನಗಳ ಇತಿಹಾಸದಲ್ಲಿ ಅದಕ್ಕಿಂತ ದೊಡ್ಡ ಅಪಘಾತ ಇವತ್ತಿಗೂ ಆಗಿಲ್ಲ.

ಕಾರಣ ಬರೀ ಒಂದು ಪದ ಅಂತ ನಾನು ಹೇಳುತ್ತಿಲ್ಲ. ಮಂಜು ಇತ್ತು, ಅವಸರ ಇತ್ತು, ಕಿಕ್ಕಿರಿದ ನಿಲ್ದಾಣ ಇತ್ತು. ಆದರೆ ನೌ ಕೇಳಿದ ಮೇಲೂ ವಿಮಾನ ನಿಂತಿದೆಯೋ ಓಡುತ್ತಿದೆಯೋ ಗೊತ್ತಾಗಲಿಲ್ಲ. ಆಮೇಲೆ ನಿಯಮ ಬದಲಾಯಿಸಿದರು. ಹೊರಡಲು ಒಪ್ಪಿಗೆ ಕೊಡುವಾಗ ಅಥವಾ ಕೊಟ್ಟ ಒಪ್ಪಿಗೆ ವಾಪಸ್ ತೆಗೆದುಕೊಳ್ಳುವಾಗ ಮಾತ್ರ ಟೇಕಾಫ್ ಅನ್ನಬೇಕು. ಬೇರೆ ಎಲ್ಲ ಸಲ ಡಿಪಾರ್ಚರ್ ಅನ್ನಬೇಕು. ಅಂದರೆ ಏನು ಮಾಡುತ್ತಿದ್ದೇವೆ ಅನ್ನುವ ಮಾತನ್ನೇ ಗಟ್ಟಿ ಮಾಡಿದರು. ಅದು ಸರಿಯಾದ ದಾರಿ ಅಂತ ನನಗೆ ಅನ್ನಿಸುತ್ತದೆ.

ಇಂಗ್ಲಿಷ್‌ನಲ್ಲಿ ಈಗ, ತಕ್ಷಣ ಅನ್ನುವ ಅರ್ಥದ ಪದಗಳು ಜಾರುತ್ತಲೇ ಬಂದಿವೆ. ಸೂನ್ ಅಂದರೆ ಸಾವಿರ ವರ್ಷದ ಹಿಂದೆ "ತಕ್ಷಣ" ಅಂತಲೇ ಅರ್ಥ. 1611ರ ಇಂಗ್ಲಿಷ್ ಬೈಬಲ್‌ನಲ್ಲಿ ಬೈ ಆಂಡ್ ಬೈ ಅಂದರೆ "ಈ ಕ್ಷಣವೇ". ಇವತ್ತು ಅದು "ಬರಬರುತ್ತಾ". ಜನ "ತಕ್ಷಣ" ಅಂತ ಹೇಳಿ ತಡ ಮಾಡುತ್ತಾರೆ, ಕೇಳಿದವರು ಆ ತಡವನ್ನೂ ಸೇರಿಸಿಕೊಂಡು ಅರ್ಥ ಮಾಡಿಕೊಳ್ಳುತ್ತಾರೆ. ನಮ್ಮ "ಇಗೋ ಬಂದೆ" ನೆನಪಾಗಲಿಲ್ವಾ? ಬೇರೆಯವು ಇಷ್ಟು ಜಾರಿದರೂ ನೌ ಅದೇ ಅರ್ಥದಲ್ಲಿ ಉಳಿದುಕೊಂಡಿದೆ. ಆದರೆ ಅದಕ್ಕೂ ಈಗ ರೈಟ್ ನೌ ಅಂತ ಒತ್ತು ಕೊಡಬೇಕು. ಅಂದ ಹಾಗೆ, ಈ ಪದಕ್ಕೆ ಸಂಸ್ಕೃತದ "ನು" ದೂರದ ಸಂಬಂಧಿ. ಮದುವೆ ಮನೆಯಲ್ಲಿ ನೂತನ ವಧೂವರರು ಅನ್ನುತ್ತೇವಲ್ಲ, ಆ ನೂತನದ ಒಳಗಿರುವುದೂ ಅದೇ ನು. ಇದು ನನಗೆ ತುಂಬಾ ಇಷ್ಟ.

ನಮ್ಮವರಿಗೆ ಜಾಸ್ತಿ ತೊಂದರೆ ಕೊಡುವುದು ಪ್ರೆಸೆಂಟ್ಲಿ. ಬಯೋಡೇಟಾದಲ್ಲಿ "ಪ್ರೆಸೆಂಟ್ಲಿ ವರ್ಕಿಂಗ್" ಅಂತ ಬರೆಯುತ್ತೇವೆ. ಅಮೆರಿಕದಲ್ಲಿ, ಸ್ಕಾಟ್ಲೆಂಡಿನಲ್ಲಿ ಅದು "ಸದ್ಯಕ್ಕೆ". ಇಂಗ್ಲೆಂಡಿನಲ್ಲಿ ಎಷ್ಟೋ ಜನರಿಗೆ "ಇನ್ನು ಸ್ವಲ್ಪ ಹೊತ್ತಿಗೆ". ನೌ ಅಂತಲೋ ಕರೆಂಟ್ಲಿ ಅಂತಲೋ ಬರೆದರೆ ಗೊಂದಲವೇ ಇಲ್ಲ. ಇದನ್ನು ಯಾವ ಮೇಷ್ಟ್ರಾದರೂ ಹತ್ತು ನಿಮಿಷದಲ್ಲಿ ಕಲಿಸಬಹುದು. ಸೂತ್ರಕ್ಕಿಂತ ಮೊದಲು ಇಂಥ ವಾಕ್ಯಗಳನ್ನು ಮಕ್ಕಳ ಮುಂದಿಡಿ ಅಂತ ಕೇಳಿಕೊಳ್ಳುತ್ತೇನೆ.

ಇನ್ನು ದಕ್ಷಿಣ ಆಫ್ರಿಕಾದವರ ಜೊತೆ ಕೆಲಸ ಮಾಡುವವರಿಗೆ ಒಂದು ಮಾತು. ನಮಗೆ ಜಸ್ಟ್ ನೌ ಅಂದರೆ ಈಗ ತಾನೆ. ಅಲ್ಲಿ ಜಸ್ಟ್ ನೌ ಅಂದರೆ ಆಮೇಲೆ ಯಾವಾಗಲೋ, ನೌ ನೌ ಅಂದರೆ ಅದಕ್ಕಿಂತ ಬೇಗ. ಅವರು "ಜಸ್ಟ್ ನೌ ಕಳಿಸುತ್ತೇನೆ" ಅಂದರೆ ಫೈಲ್ ಬಂದಿದೆಯಾ ಅಂತ ಮೇಲ್ ತೆರೆದು ಕೂರಬೇಡಿ. ಎಷ್ಟು ಗಂಟೆಗೆ, ನಮ್ಮ ಟೈಮೋ ನಿಮ್ಮ ಟೈಮೋ, ಅಂತ ಅಲ್ಲೇ ಕೇಳಿಬಿಡಿ.