ಹಸಿರು ಗಾಜು ಹೋದ ದಾರಿ

ಕೇಳುಗರೆಲ್ಲರಿಗೂ ನಮಸ್ಕಾರ.

ಅಬ್ಸಿಡಿಯನ್ ಅಂದರೆ ಜ್ವಾಲಾಮುಖಿಯ ಗಾಜು. ಬೆಟ್ಟ ಉಗುಳಿದ ಲಾವಾರಸ ಹರಳು ಕಟ್ಟಲೂ ಪುರುಸೊತ್ತಿಲ್ಲದೆ ಬೇಗ ಗಟ್ಟಿಯಾದರೆ ಈ ಕಲ್ಲು ಹುಟ್ಟುತ್ತದೆ. ಸಾಮಾನ್ಯವಾಗಿ ಕಪ್ಪು ಅಥವಾ ಬೂದು ಬಣ್ಣ. ಮೆಕ್ಸಿಕೋದ ಪಚುಕಾ ಊರಿನ ಹತ್ತಿರ ಸಿಗುವುದು ಮಾತ್ರ ಬೇರೆ. ಅದರ ತೆಳು ಚಕ್ಕೆಯನ್ನು ಬೆಳಕಿಗೆ ಹಿಡಿದರೆ ಸೋಡಾ ಬಾಟಲಿಯ ಹಾಗೆ ಹಸಿರು. ಆ ಬೆಟ್ಟಸಾಲಿಗೆ ಸ್ಪ್ಯಾನಿಷರು ಇಟ್ಟ ಹೆಸರು ಸಿಯೆರಾ ದೆ ಲಾಸ್ ನವಾಹಾಸ್, ಅಂದರೆ ಚಾಕುಗಳ ಬೆಟ್ಟ.

ಒಳ್ಳೆಯ ಕಲ್ಲು ಮೇಲೆಯೇ ಬಿದ್ದಿರುವುದಿಲ್ಲ. ಬಾವಿ ತೋಡಿದ ಹಾಗೆ ತೋಡಿ, ಒಳಗಿಳಿದು ತೆಗೆಯಬೇಕು. ಆಮೇಲೆ ಹೊರುವ ಪಾಡು. ಸ್ಪ್ಯಾನಿಷರು ಬರುವ ಮೊದಲು ಮೆಕ್ಸಿಕೋದಲ್ಲಿ ಎತ್ತಿಲ್ಲ, ಕತ್ತೆಯಿಲ್ಲ, ಕುದುರೆಯಿಲ್ಲ. ಮನುಷ್ಯನೇ ಹಣೆಗೆ ಪಟ್ಟಿ ಕಟ್ಟಿ ಬೆನ್ನಮೇಲೆ ಹೊರಬೇಕು. ಹೊರುವವನಿಗೆ ಪ್ರತಿ ತುಣುಕೂ ಭಾರ, ಅಲ್ವಾ? ಹಾಗಾಗಿ ಸುಮ್ನೆ ಬಂಡೆ ಹೊರುತ್ತಿರಲಿಲ್ಲ. ಬೇಡದ್ದನ್ನು ಅಲ್ಲೇ ಕೆತ್ತಿ ಬಿಸಾಕಿ, ಗಟ್ಟಿ ತಿರುಳನ್ನಷ್ಟೇ ಒಯ್ಯುತ್ತಿದ್ದರು. ನನಗೆ ಈ ಲೆಕ್ಕಾಚಾರವೇ ತುಂಬಾ ಇಷ್ಟ.

ಆ ತಿರುಳಿನಿಂದ ಅಲಗು ಎಬ್ಬಿಸುವುದನ್ನು ಸ್ಪೇನಿನ ಪಾದ್ರಿಗಳು ಕಣ್ಣಾರೆ ಕಂಡು ಬರೆದಿಟ್ಟಿದ್ದಾರೆ. ಕೆಲಸಗಾರ ನೆಲದ ಮೇಲೆ ಕೂತು, ಕಲ್ಲನ್ನು ಎರಡು ಪಾದಗಳ ನಡುವೆ ಇಕ್ಕಳದಂತೆ ಹಿಡಿಯುತ್ತಾನೆ. ಉದ್ದನೆಯ ಮರದ ಕೋಲಿನ ತುದಿಯನ್ನು ಕಲ್ಲಿನ ಅಂಚಿಗೆ ಇಟ್ಟು ಎದೆಯಿಂದ ಒತ್ತುತ್ತಾನೆ. ಹೊಡೆಯುವುದಿಲ್ಲ, ಬರೀ ಒತ್ತುವುದು. ಟಪ್ ಅಂತ ಉದ್ದನೆಯ, ತೆಳ್ಳನೆಯ ಅಲಗೊಂದು ಕಳಚಿ ಬೀಳುತ್ತದೆ. ಆಮೇಲೆ ಇನ್ನೊಂದು, ಮತ್ತೊಂದು. ಅದರಲ್ಲಿ ಗಡ್ಡವನ್ನೂ ಹೆರೆಯಬಹುದಿತ್ತು. ಆದರೆ ಬೇಗ ಮೊಂಡಾಗುವುದರಿಂದ ಬಿಸಾಕಿ ಹೊಸದನ್ನು ಕೈಗೆತ್ತಿಕೊಳ್ಳಬೇಕು. ಅಲಗಿಗೆ ಬೇಡಿಕೆ ಯಾಕೆ ಜಾಸ್ತಿ ಇತ್ತು ಅಂತ ಬೇರೆ ಹೇಳಬೇಕಿಲ್ಲ. ಸ್ಪ್ಯಾನಿಷರು ಬರುವಾಗ ಮೆಕ್ಸಿಕೋ ಆಳುತ್ತಿದ್ದ ಅಜ್ಟೆಕರ ಮರದ ಕತ್ತಿಯ ಅಂಚಿಗೆ, ದೇವರಿಗೆ ರಕ್ತ ಕೊಡುವ ಚಾಕುವಿಗೆ, ಅಡುಗೆಮನೆಗೆ, ಎಲ್ಲದಕ್ಕೂ ಇದೇ ಕಲ್ಲು.

ಮಧ್ಯ ಅಮೆರಿಕದ ಮಾಯಾ ಜನರಿಗೆ ಈ ಕಲ್ಲು ಸಿಗುವ, ಗ್ವಾಟೆಮಾಲಾದ ಎಲ್ ಚಾಯಲ್‌ನಂಥ ಹತ್ತಿರದ ನೆಲೆಗಳಿದ್ದವು. ಆದರೂ ಪಚುಕಾದಿಂದ ಸುಮಾರು 1000 ಕಿಲೋಮೀಟರ್ ಆಚೆಯ ಅವರ ಟಿಕಾಲ್ ನಗರದಲ್ಲಿ ಪಚುಕಾದ ಹಸಿರು ಗಾಜು ಸಿಕ್ಕಿದೆ. ಪಚುಕಾದ ಗಾಜನ್ನು ಮೊದಲು ದೊಡ್ಡ ಮಟ್ಟದಲ್ಲಿ ಬಳಸಿದವರು ಮೆಕ್ಸಿಕೋದ ಪ್ರಾಚೀನ ನಗರ ಟಿಯೋಟಿವಾಕಾನ್‌ನವರು. ಅವರ ಕೈಯ ವಸ್ತು ತಮ್ಮಲ್ಲಿದೆ ಅನ್ನುವ ಹೆಮ್ಮೆ ದೂರದ ಅರಸರಿಗೂ ಇದ್ದಿರಬೇಕು.

ಬೂದು ಕಲ್ಲಿನ ಊರನ್ನು ಕಣ್ಣಿನಿಂದ ಹೇಳುವುದು ಕಷ್ಟ. ಆದರೆ ಒಂದೊಂದು ಬೆಟ್ಟದ ಗಾಜಿನಲ್ಲೂ ಜಿರ್ಕೋನಿಯಂ, ರುಬಿಡಿಯಂ ಇತ್ಯಾದಿ ಮೂಲಧಾತುಗಳ ಪಾಲು ಬೇರೆಬೇರೆ. ಎಕ್ಸ್-ಕಿರಣ ಬಿಟ್ಟು ನೋಡಿದರೆ ಗುಟ್ಟು ಬಿಡುತ್ತದೆ. ಇಂಗ್ಲೆಂಡಿನ ರಾಣಿ ಮೊದಲನೇ ಎಲಿಜಬೆತ್‌ಗೆ ಆಪ್ತನಾಗಿದ್ದ ಜಾನ್ ಡೀ ಅವನದೆಂದು ಹೇಳುವ ಕಪ್ಪು ಅಬ್ಸಿಡಿಯನ್ ಕನ್ನಡಿಯೊಂದು ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅವನು ಅದರಲ್ಲಿ ದೇವದೂತರನ್ನು ಹುಡುಕುತ್ತಿದ್ದನಂತೆ. 2021ರಲ್ಲಿ ಅದಕ್ಕೂ ಈ ಪರೀಕ್ಷೆಯ ಫಲಿತಾಂಶ ಬಂತು. ಕಲ್ಲು ಪಚುಕಾದ್ದು.

ನಮಸ್ಕಾರ.